ಔಷಧಿ ಗಿಡದೊಳಗಿನ ಶಿಲೀಂಧ್ರವೂ ನಮ್ಮೂರ ಬೇಲಿಯೂ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ತಂಬ್ರಹಳ್ಳಿಯಲ್ಲಿ ನಡೆದ ಸದಸ್ಯರ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ನಡೆದು ಬರುವುದೆಂದರೆ ಸಾಮಾನ್ಯ ಮಾತಲ್ಲ. ಮಳೆ ಕೈಕೊಟ್ಟ ವರ್ಷ, ಬೆಲೆ ಬಿದ್ದ ವರ್ಷ, ಸಾಲ ವಸೂಲಾಗದ ವರ್ಷ, ಎಲ್ಲವನ್ನೂ ದಾಟಿ ಬಂದಿರುವ ಸಂಘಕ್ಕೆ ಮೊದಲು ನಮ್ಮ ವಂದನೆಗಳು. ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದನ್ನು ತಾವೆಲ್ಲ ಬಲ್ಲಿರಿ. ಒಬ್ಬೊಬ್ಬರ ಕೈಯಲ್ಲಿ ಆಗದ್ದು ಕೂಡಿದರೆ ಆಗುತ್ತದೆ ಎಂಬ ಆ ಮಾತು ಇವತ್ತಿನ ನಮ್ಮ ವಿಷಯಕ್ಕೂ ಸಲ್ಲುತ್ತದೆ.

ವಿಷಯ ಏನಪ್ಪಾ ಅಂದ್ರೆ, ಔಷಧಿ ಗಿಡಗಳ ಒಳಗೆ ವಾಸ ಮಾಡುವ ಶಿಲೀಂಧ್ರಗಳು, ಮತ್ತು ಅವು ತಯಾರಿಸುವ ಕಿಣ್ವಗಳು. "ಬೂಷ್ಟಿನ ಮ್ಯಾಲೆ ಭಾಷಣ ಏನ್ ಮಾಡ್ತೀರಿ ಸಾರ್?" ಎಂದು ಹೊರಗೆ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸಾಲ, ಗೊಬ್ಬರ, ಬೀಜ ಇವುಗಳ ನಡುವೆ ಬೂಷ್ಟಿಗೆ ಏನು ಕೆಲಸ? ಕೆಲಸ ಐತಿ. ನಾವು ದಿನಾ ಕಡಿದು ಒಲೆಗೆ ಹಾಕುವ ಬೇಲಿಯ ಗಿಡದೊಳಗೆ ಏನಿದೆ, ಅದು ಯಾರಿಗೆ ಸೇರಿದ್ದು, ಅದರಿಂದ ನಾಳೆ ಲಾಭ ಬಂದರೆ ಯಾರಿಗೆ ಬರಬೇಕು ಎಂಬುದು ಸಂಘದ ಮಾತೇ ಆಗಿದೆ.

ಕಿಣ್ವ ಎಂದರೇನು?

ಜೋಳದ ರೊಟ್ಟಿಯ ಒಂದು ಚೂರನ್ನು ಪಲ್ಯ ಹಚ್ಚದೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿದು ನೋಡಿರಿ. ಸ್ವಲ್ಪ ಹೊತ್ತಿಗೆ ಅದು ಸಿಹಿಯಾಗುತ್ತದೆ. ರೊಟ್ಟಿಗೆ ಯಾರೂ ಬೆಲ್ಲ ಹಾಕಿಲ್ಲ. ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ವಸ್ತು ಜೋಳದ ಪಿಷ್ಟವನ್ನು ತುಂಡು ಮಾಡಿ ಸಕ್ಕರೆ ಮಾಡಿದೆ. ಇಂಥ ವಸ್ತುವಿಗೆ ಕಿಣ್ವ ಎಂದು ಹೆಸರು. ಬಲಿತ ಕುರಿಮಾಂಸ ಬೇಗ ಬೇಯಲಿ ಎಂದು ಅದಕ್ಕೆ ಪಪ್ಪಾಯಿ ಕಾಯಿ ಹಚ್ಚುವುದುಂಟಲ್ಲ, ಅಲ್ಲಿಯೂ ಕೆಲಸ ಮಾಡುವುದು ಕಿಣ್ವವೇ. ಪಪ್ಪಾಯಿಯ ಹಾಲಿನಲ್ಲಿರುವ ಪಪೇನ್ ಮಾಂಸದ ಪ್ರೋಟೀನನ್ನು ಕತ್ತರಿಸಿ ಮೆತ್ತಗೆ ಮಾಡುತ್ತದೆ.

ಕಿಣ್ವ ಜೀವಿಯಲ್ಲ. ಜೀವಿಗಳು ತಯಾರಿಸುವ ಒಂದು ಬಗೆಯ ಪ್ರೋಟೀನು. ಅದಕ್ಕೆ ಎರಡು ಗುಣ. ಮೊದಲನೆಯದು, ಒಂದೊಂದು ಕಿಣ್ವಕ್ಕೆ ಒಂದೊಂದೇ ಕೆಲಸ, ಈ ಬೀಗಕ್ಕೆ ಈ ಕೀಲಿ ಎಂಬಂತೆ. ಪಿಷ್ಟ ಒಡೆಯುವುದು ಅಮೈಲೇಸ್, ಪ್ರೋಟೀನ್ ಒಡೆಯುವುದು ಪ್ರೋಟಿಯೇಸ್, ಎಣ್ಣೆ ಜಿಡ್ಡು ಒಡೆಯುವುದು ಲೈಪೇಸ್, ಹತ್ತಿಯ ನಾರು ಒಡೆಯುವುದು ಸೆಲ್ಯುಲೇಸ್, ಹಣ್ಣಿನೊಳಗಿನ ಅಂಟು ಒಡೆಯುವುದು ಪೆಕ್ಟಿನೇಸ್. ಎರಡನೆಯದು, ಕೆಲಸ ಮಾಡಿ ತಾನು ಖರ್ಚಾಗುವುದಿಲ್ಲ. ಒಂದು ಕಣ ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತ ಹೋಗುತ್ತದೆ. ಕುದಿಸಿ, ಆಮ್ಲ ಹಾಕಿ, ಕಾಸ್ಟಿಕ್ ಸೋಡಾ ಹಾಕಿ ಮಾಡಬೇಕಾದ ಕೆಲಸವನ್ನು ಕಡಿಮೆ ಶಾಖದಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಕಾರ್ಖಾನೆಯವರಿಗೆ ಇದು ಬೇಕಾಗಿರುವುದು ಇದಕ್ಕಾಗಿಯೇ.

ಶಿಲೀಂಧ್ರವೇ ಯಾಕೆ?

ಬೂಷ್ಟು, ಅಣಬೆ, ಜೋಳದ ಕಾಡಿಗೆ, ಶೇಂಗಾ ಎಲೆಯ ಚುಕ್ಕೆ, ಇವೆಲ್ಲ ಶಿಲೀಂಧ್ರಗಳ ಕುಲಕ್ಕೆ ಸೇರಿದವು. ಇವಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಗಿಡದ ಹಾಗೆ ಬಿಸಿಲಿನಲ್ಲಿ ಅಡಿಗೆ ಮಾಡಿಕೊಳ್ಳುವ ಹಸಿರೂ ಇಲ್ಲ. ಹಾಗಾದರೆ ಊಟ ಹೇಗೆ? ಇವು ತಮ್ಮ ಎಳೆಗಳಿಂದ ಕಿಣ್ವವನ್ನು ಹೊರಗೆ ಬಿಡುತ್ತವೆ, ಕಟ್ಟಿಗೆಯೋ ಎಲೆಯೋ ಹಣ್ಣೋ ಹೊರಗೇ ಕರಗುತ್ತದೆ, ಆಮೇಲೆ ಆ ರಸವನ್ನು ಹೀರಿಕೊಳ್ಳುತ್ತವೆ. ನಾವು ಉಂಡು ಅರಗಿಸುತ್ತೇವೆ, ಶಿಲೀಂಧ್ರ ಅರಗಿಸಿ ಉಣ್ಣುತ್ತದೆ. ಕಿಣ್ವ ಹೊರಗೇ ಸಿಗುವುದರಿಂದ ಅದನ್ನು ಸೋಸಿ ತೆಗೆದುಕೊಳ್ಳುವುದು ಸುಲಭ.

ಇದನ್ನು ವ್ಯಾಪಾರಕ್ಕೆ ತಂದವರಲ್ಲಿ ಮೊದಲಿಗರು ಜಪಾನಿನ ಜೋಕಿಚಿ ತಕಾಮಿನೆ. ಗೋಧಿ ಬೂಸಾದ ಮೇಲೆ ಒಂದು ಬೂಷ್ಟನ್ನು ಬೆಳೆಸಿ, ಅದರಿಂದ ತೆಗೆದ ಕಿಣ್ವಕ್ಕೆ ಅವರು 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಅಜೀರ್ಣಕ್ಕೆ ಅದು ಔಷಧಿಯಾಗಿ ಮಾರಾಟವಾಯಿತು. ಬೂಷ್ಟಿಗೆ ಹಾಕಿದ ಬಂಡವಾಳ ಏನು? ನಾವು ದನಕ್ಕೆ ಹಾಕುವ ಬೂಸಾ!

ಇನ್ನೊಂದು ಸಂಗತಿ ಹತ್ತಿ ಬೆಳೆಯುವ ನಮಗೆ ತಿಳಿದಿರಬೇಕು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಬಟ್ಟೆಯ ಡೇರೆಗಳು ಬೇಗ ಬೇಗ ಕೊಳೆಯತೊಡಗಿದವು. ಯಾಕೆಂದು ಹುಡುಕಿದಾಗ ಹತ್ತಿಯ ನಾರನ್ನೇ ತಿನ್ನುವ ಒಂದು ಶಿಲೀಂಧ್ರ ಸಿಕ್ಕಿತು. ಅದರ ಮೇಲೆ ಕೆಲಸ ಮಾಡಿದ ಎಲ್ವಿನ್ ರೀಸ್ ಎಂಬ ವಿಜ್ಞಾನಿಯ ಹೆಸರಿನಿಂದ ಅದಕ್ಕೆ ಟ್ರೈಕೋಡರ್ಮಾ ರೀಸಿಯೈ ಎಂದು ಹೆಸರಾಯಿತು. ಡೇರೆ ಕೆಡಿಸಿದ ಆ ಶಿಲೀಂಧ್ರವೇ ಇಂದು ಜಗತ್ತಿನ ಸೆಲ್ಯುಲೇಸ್ ಕಿಣ್ವದ ದೊಡ್ಡ ಮೂಲ. ಬಳ್ಳಾರಿಯ ಜೀನ್ಸ್ ಪ್ಯಾಂಟುಗಳ ಹೆಸರು ತಾವು ಕೇಳಿದ್ದೀರಿ. ಜೀನ್ಸ್ ಬಟ್ಟೆಯನ್ನು ಮೆತ್ತಗೆ ಮಾಡಿ ಬಣ್ಣ ಮಾಸಿದಂತೆ ಕಾಣಿಸಲು ಮೊದಲು ಹಗುರ ಕಲ್ಲುಗಳ ಜೊತೆ ಹಾಕಿ ತಿರುಗಿಸುತ್ತಿದ್ದರು. ಆ ಕಲ್ಲಿನ ಕೆಲಸವನ್ನು ಸೆಲ್ಯುಲೇಸ್ ಮಾಡುತ್ತದೆ.

ಹೀಗೆ ಲೆಕ್ಕ ಹಾಕುತ್ತ ಹೋದರೆ ಕಿಣ್ವ ನಮ್ಮ ಮನೆ ಹೊಲ ಎಲ್ಲ ಕಡೆ ಬಂದು ಕೂತಿದೆ. ನಾವು ಮಾರುವ ಮೆಕ್ಕೆಜೋಳದ ಪಿಷ್ಟವನ್ನು ಗ್ಲೂಕೋಸ್ ಮಾಡುವುದು ಕಿಣ್ವ. ಕೋಳಿ ಆಹಾರದಲ್ಲಿ ಬೆರೆಸುವ ಫೈಟೇಸ್ 1991ರಲ್ಲಿ ಮಾರುಕಟ್ಟೆಗೆ ಬಂತು. ಮೆಕ್ಕೆಜೋಳದಲ್ಲಿ ಬಂಧಿಯಾಗಿರುವ ರಂಜಕವನ್ನು ಬಿಡಿಸಿ ಕೋಳಿಗೆ ದಕ್ಕುವಂತೆ ಮಾಡುವುದು ಅದರ ಕೆಲಸ, ಮೂಲ ಶಿಲೀಂಧ್ರ. ಬಟ್ಟೆ ಒಗೆಯುವ ಪುಡಿಯಲ್ಲಿ ಜಿಡ್ಡು ತೆಗೆಯುವ ಲೈಪೇಸ್ 1988ರಲ್ಲಿ ಬಂತು. ಅದರ ಮೂಲವೂ ಶಿಲೀಂಧ್ರವೇ. ದಾಳಿಂಬೆ, ಸೇಬು, ದ್ರಾಕ್ಷಿ ರಸವನ್ನು ತಿಳಿ ಮಾಡಲು ಪೆಕ್ಟಿನೇಸ್ ಬೇಕು.

ಕರ್ನಾಟಕದಲ್ಲಿ ಈ ಉದ್ಯೋಗ

ಇದೆಲ್ಲ ಹೊರದೇಶದ ಮಾತಾಯಿತು ಎನ್ನಬೇಡಿರಿ. 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಅವರು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಕಂಪನಿಯನ್ನು ಶುರು ಮಾಡಿದಾಗ ಅಲ್ಲಿ ತಯಾರಾದ ಮೊದಲ ಸರಕುಗಳಲ್ಲಿ ಒಂದು, ಆಗಲೇ ಹೇಳಿದ ಪಪ್ಪಾಯಿ ಹಾಲಿನ ಪಪೇನ್. ಅನಂತರ ಅವರು ಗಿಡದ ಕಿಣ್ವದಿಂದ ಶಿಲೀಂಧ್ರದ ಕಿಣ್ವಕ್ಕೆ ಬಂದರು. ತೇವದ ಬೂಸಾದಂಥ ಗಟ್ಟಿ ಪದಾರ್ಥವನ್ನು ತಟ್ಟೆಗಳಲ್ಲಿ ಹರವಿ ಅದರ ಮೇಲೆ ಶಿಲೀಂಧ್ರ ಬೆಳೆಸುವ ವಿಧಾನವನ್ನು ಬೆಳೆಸಿದರು. 2007ರಲ್ಲಿ ಆ ಕಂಪನಿ ತನ್ನ ಕಿಣ್ವದ ವ್ಯಾಪಾರವನ್ನು ಡೆನ್ಮಾರ್ಕಿನ ನೋವೋಜೈಮ್ಸ್ ಕಂಪನಿಗೆ 11.5 ಕೋಟಿ ಡಾಲರಿಗೆ ಮಾರಿತು. ಪಪ್ಪಾಯಿ ಹಾಲಿನಿಂದ ಶುರುವಾದ ವ್ಯಾಪಾರ ಎಲ್ಲಿಗೆ ಮುಟ್ಟಿತು ನೋಡ್ರಿ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಬೂಸಾದಂಥ ಪದಾರ್ಥಗಳ ಮೇಲೆ ಶಿಲೀಂಧ್ರ ಬೆಳೆಸಿ ಕಿಣ್ವ ತೆಗೆಯುವ ಬಗ್ಗೆ ಬಹಳ ಕೆಲಸ ಮಾಡಿದೆ.

ಗಿಡದೊಳಗಿನ ಬಾಡಿಗೆದಾರರು

ಈಗ ಮುಖ್ಯ ವಿಷಯಕ್ಕೆ ಬರೋಣ. ಮಣ್ಣಿನಲ್ಲಿ, ಕೊಳೆತ ಕಟ್ಟಿಗೆಯಲ್ಲಿ ಶಿಲೀಂಧ್ರ ಇರುವುದು ಎಲ್ಲರಿಗೂ ಗೊತ್ತು. ಆದರೆ ರೋಗವಿಲ್ಲದ, ಹಚ್ಚಗೆ ನಿಂತಿರುವ ಗಿಡದ ಎಲೆಯೊಳಗೆ, ತೊಗಟೆಯೊಳಗೆ, ಬೇರಿನೊಳಗೆ ಕೂಡ ಶಿಲೀಂಧ್ರಗಳು ವಾಸ ಮಾಡುತ್ತವೆ. ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಇಂಥವಕ್ಕೆ ಎಂಡೋಫೈಟ್ ಎಂದು ಹೆಸರು. ಜರ್ಮನಿಯ ಡಿ ಬಾರಿ ಎಂಬ ವಿಜ್ಞಾನಿ 1866ರಲ್ಲೇ ಈ ಹೆಸರು ಬಳಸಿದರು. ನಾವು ಒಳವಾಸಿ ಶಿಲೀಂಧ್ರ ಎಂದು ಕರೆಯೋಣ.

ಗಿಡಕ್ಕೂ ಒಳವಾಸಿಗೂ ನಡುವೆ ಒಂದು ಬಗೆಯ ಕರಾರು ಇದೆ ಎನ್ನಬಹುದು. ಗಿಡ ಇರಲು ಜಾಗ ಕೊಡುತ್ತದೆ, ಸ್ವಲ್ಪ ಸಕ್ಕರೆ ಕೊಡುತ್ತದೆ. ಒಳವಾಸಿಗಳಲ್ಲಿ ಹಲವು ಗಿಡಕ್ಕೆ ರೋಗ, ಹುಳ, ಬರ ತಡೆಯಲು ನೆರವಾಗುತ್ತವೆ. ಎಲ್ಲವೂ ಸಜ್ಜನರೇ ಎಂದೇನೂ ಇಲ್ಲ. ಕೆಲವು ಸುಮ್ಮನೆ ಕಾಯುತ್ತಿರುತ್ತವೆ, ಗಿಡ ಬಳಲಿದಾಗ ರೋಗ ತರುತ್ತವೆ. ಇನ್ನು ಕೆಲವು ಎಲೆ ಉದುರುವುದನ್ನೇ ಕಾಯುತ್ತಿದ್ದು, ಉದುರಿದ ಕೂಡಲೇ ಬೇರೆಯವರು ಬರುವ ಮೊದಲೇ ಅದನ್ನು ಕರಗಿಸಿ ತಿನ್ನಲು ತೊಡಗುತ್ತವೆ. ಗಿಡದ ಗೋಡೆಯನ್ನು ದಾಟಿ ಒಳಗೆ ಹೋಗಲು ಕಿಣ್ವ ಬೇಕು, ಒಳಗೆ ಬದುಕಲು ಬೇಕು, ಕೊನೆಗೆ ಎಲೆ ಕರಗಿಸಲೂ ಬೇಕು. ಅದಕ್ಕೇ ಒಳವಾಸಿಗಳ ಹತ್ತಿರ ಕಿಣ್ವಗಳ ಪೆಟ್ಟಿಗೆಯೇ ಇರುತ್ತದೆ.

ಔಷಧಿ ಗಿಡವನ್ನೇ ಯಾಕೆ ಹುಡುಕುತ್ತಾರೆ? ಔಷಧಿ ಗಿಡದೊಳಗೆ ಕಹಿ, ಒಗರು, ವಿಷದಂಥ ರಾಸಾಯನಿಕಗಳು ತುಂಬಿರುತ್ತವೆ. ಅವುಗಳ ನಡುವೆ ಬದುಕಬೇಕಾದ ಶಿಲೀಂಧ್ರಕ್ಕೆ ಅವನ್ನು ತಾಳುವ, ಮಾರ್ಪಡಿಸುವ ಸಾಮರ್ಥ್ಯ ಇರಬೇಕಾಗುತ್ತದೆ. ಅಂಥ ಕಡೆ ಹೊಸ ಬಗೆಯ ವಸ್ತು ಸಿಗುವ ಸಂಭವ ಹೆಚ್ಚು ಎಂಬುದು ವಿಜ್ಞಾನಿಗಳ ಲೆಕ್ಕಾಚಾರ.

ಒಳವಾಸಿಯನ್ನು ಹೊರಗೆ ತರುವ ಕ್ರಮ ಹೀಗಿದೆ. ರೋಗವಿಲ್ಲದ ಎಲೆಯನ್ನು ಹರಿಯುವ ನೀರಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ, ಆಮೇಲೆ ಬ್ಲೀಚಿಂಗ್ ದ್ರವದಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಮೈಮೇಲಿನ ಧೂಳು, ಗಾಳಿಯ ಬೂಷ್ಟು ಎಲ್ಲ ಸಾಯುತ್ತವೆ, ಒಳಗಿನವು ಉಳಿಯುತ್ತವೆ. ಎಲೆಯನ್ನು ಸಣ್ಣ ಸಣ್ಣ ಚೂರು ಮಾಡಿ ಆಲೂಗಡ್ಡೆ ರಸ, ಸಕ್ಕರೆ ಹಾಕಿ ಹೆಪ್ಪುಗಟ್ಟಿಸಿದ ಅಗರ್ ತಟ್ಟೆಯ ಮೇಲೆ ಇಡುತ್ತಾರೆ. ಕೆಲವು ದಿನಗಳಿಂದ ಕೆಲವು ವಾರದೊಳಗೆ ಚೂರಿನ ಅಂಚಿನಿಂದ ಬೆಳ್ಳನೆಯ ಎಳೆ ಹೊರಗೆ ಬರುತ್ತದೆ. ಅದೇ ಒಳವಾಸಿ.

ಅದು ಯಾವ ಕಿಣ್ವ ಮಾಡುತ್ತದೆಂದು ನೋಡುವುದೂ ಕಷ್ಟವಲ್ಲ. ಪಿಷ್ಟ ಬೆರೆಸಿದ ತಟ್ಟೆಯಲ್ಲಿ ಅದನ್ನು ಬೆಳೆಸಿ ಮೇಲೆ ಅಯೋಡಿನ್ ಹಾಕುತ್ತಾರೆ. ಪಿಷ್ಟ ಇರುವ ಕಡೆ ಕಪ್ಪು ನೀಲಿ ಬಣ್ಣ ಬರುತ್ತದೆ. ಶಿಲೀಂಧ್ರದ ಸುತ್ತ ಬಣ್ಣವಿಲ್ಲದ ಬಳೆಯೊಂದು ಕಂಡರೆ ಅಲ್ಲಿ ಪಿಷ್ಟ ಕರಗಿದೆ, ಅಮೈಲೇಸ್ ಇದೆ ಎಂದರ್ಥ. ಗಂಜಿಗೆ ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಒಂದು ಹನಿ ಹಾಕಿ ನಮ್ಮ ಶಾಲೆಯ ಮಕ್ಕಳೂ ಈ ಬಣ್ಣವನ್ನು ನೋಡಬಹುದು.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಈ ಕೆಲಸ ಚೆನ್ನಾಗಿ ನಡೆದಿದೆ. ಮೈಸೂರು ವಿಶ್ವವಿದ್ಯಾಲಯದವರು ಬೇವಿನ ಮರದ ಒಳತೊಗಟೆಯ ಶಿಲೀಂಧ್ರಗಳ ಬಗ್ಗೆ 2005ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮಂಗಳೂರು ವಿಶ್ವವಿದ್ಯಾಲಯದವರು ಕರಾವಳಿಯ ಕಾಂಡ್ಲಾ ವನದ ಸಸ್ಯಗಳ ಒಳವಾಸಿಗಳು ಯಾವ ಯಾವ ಕಿಣ್ವ ತಯಾರಿಸುತ್ತವೆಂದು ಪರೀಕ್ಷಿಸಿದರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು 2008ರಲ್ಲಿ ಮಲೆನಾಡಿನ ಪೊದೆ ಜಾತಿಯ ಔಷಧಿ ಗಿಡಗಳ ಒಳವಾಸಿಗಳ ಬಗ್ಗೆ ಬರೆದರು. ನಮ್ಮ ವಿಷಯಕ್ಕೆ ತೀರ ಹತ್ತಿರದ್ದು ಬೆಂಗಳೂರು ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಕೆಲಸ. ಶುಂಠಿ ಜಾತಿಯ ರಾಸ್ನೆ, ಕುಂಕುಮದ ಗಿಡ ಎನ್ನುವ ರಂಗುಮಾಲೆ, ಸುರಹೊನ್ನೆ, ಮತ್ತು ಮನೆ ಮುಂದೆ ಬೆಳೆಯುವ ನಿತ್ಯಪುಷ್ಪ, ಈ ನಾಲ್ಕು ಗಿಡಗಳಿಂದ ತೆಗೆದ 50 ಶಿಲೀಂಧ್ರ ತಳಿಗಳನ್ನು ಆರು ಬಗೆಯ ಕಿಣ್ವಗಳಿಗಾಗಿ ಅವರು ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ತಳಿಗಳಲ್ಲಿ ಲೈಪೇಸ್, ಅಮೈಲೇಸ್, ಪೆಕ್ಟಿನೇಸ್ ಕಂಡುಬಂದವು. ನಿತ್ಯಪುಷ್ಪ ನಮ್ಮೂರಲ್ಲಿ ಇಲ್ಲವೆ? ಗುಡಿ ಮುಂದೆ, ಶಾಲೆ ಮುಂದೆ, ಸ್ಮಶಾನದ ಹತ್ತಿರ ಎಲ್ಲ ಕಡೆ ಇದೆ. ಅದರ ಎಲೆಯಿಂದ ರಕ್ತದ ಕ್ಯಾನ್ಸರಿಗೆ ಔಷಧಿ ಬಂದಿರುವುದು ಜಗತ್ತಿಗೆ ಗೊತ್ತು. ಈಗ ಅದರೊಳಗಿನ ಬಾಡಿಗೆದಾರನ ಲೆಕ್ಕವೂ ಶುರುವಾಗಿದೆ.

ಕಿಣ್ವವೇ ಔಷಧಿಯಾಗುವುದೂ ಉಂಟು. ಮಕ್ಕಳಿಗೆ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಆಸ್ಪರಾಜಿನೇಸ್ ಎಂಬ ಕಿಣ್ವವನ್ನು ಇಂಜೆಕ್ಷನ್ ಆಗಿ ಕೊಡುತ್ತಾರೆ. ಈಗ ಅದನ್ನು ಬ್ಯಾಕ್ಟೀರಿಯಾದಿಂದ ತೆಗೆಯುತ್ತಾರೆ, ಕೆಲವು ಮಕ್ಕಳ ಮೈಗೆ ಅದು ಒಗ್ಗುವುದಿಲ್ಲ. ಅಡ್ಡ ಪರಿಣಾಮ ಕಡಿಮೆ ಇರುವಂಥದ್ದು ಶಿಲೀಂಧ್ರದಲ್ಲಿ ಸಿಕ್ಕೀತೇ ಎಂದು ಔಷಧಿ ಗಿಡಗಳ ಒಳವಾಸಿಗಳನ್ನು ಜಾಲಾಡುತ್ತಿದ್ದಾರೆ.

ತಟ್ಟೆಯಿಂದ ಡಬ್ಬಿಯವರೆಗೆ

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ತಟ್ಟೆಯಲ್ಲಿ ಬಳೆ ಕಂಡ ಮಾತ್ರಕ್ಕೆ ಕಾರ್ಖಾನೆ ಎದ್ದು ನಿಲ್ಲುವುದಿಲ್ಲ. ಆ ಕಿಣ್ವ ಎಷ್ಟು ಶಾಖ ತಾಳುತ್ತದೆ, ಎಷ್ಟು ಹುಳಿ, ಎಷ್ಟು ಕ್ಷಾರ ತಾಳುತ್ತದೆ, ಶಿಲೀಂಧ್ರ ಜೊತೆಗೆ ವಿಷವನ್ನೇನಾದರೂ ಬಿಡುತ್ತದೆಯೆ, ದೊಡ್ಡ ಪಾತ್ರೆಯಲ್ಲಿ ಬೆಳೆಸಿದರೆ ಗಿಟ್ಟುತ್ತದೆಯೆ, ಇದೆಲ್ಲ ನೋಡಲು ವರ್ಷಗಟ್ಟಲೆ ಬೇಕು. ಹೆಚ್ಚಿನವು ನಡುದಾರಿಯಲ್ಲೇ ನಿಲ್ಲುತ್ತವೆ. ಮಾರುಕಟ್ಟೆಯ ಹಳೆಯ ಕುದುರೆಗಳಾದ ಆಸ್ಪರ್ಜಿಲಸ್, ಟ್ರೈಕೋಡರ್ಮಾ ಇವುಗಳ ಮುಂದೆ ಹೊಸದು ಗೆಲ್ಲಬೇಕಾಗುತ್ತದೆ.

ಗಿಡ ಬಿಟ್ಟು ಬಂದ ಶಿಲೀಂಧ್ರ ಗಿಡದೊಳಗಿದ್ದ ಹಾಗೇ ಇರುತ್ತದೆ ಎಂಬ ಭರವಸೆಯೂ ಇಲ್ಲ. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೋಥೆಸಿನ್ ಎಂಬ ಕ್ಯಾನ್ಸರ್ ಔಷಧಿಯ ಮೂಲವಸ್ತು ಇದೆ. ಅದಕ್ಕಾಗಿ ಆ ಮರಗಳನ್ನು ವಿಪರೀತ ಕಡಿದರು. ಅದರ ಒಳವಾಸಿಯೂ ಅದೇ ವಸ್ತುವನ್ನು ತಯಾರಿಸುತ್ತದೆಂದು 2005ರಲ್ಲಿ ತಿಳಿದಾಗ, ಇನ್ನು ಮರ ಕಡಿಯುವುದೇ ಬೇಡ ಎಂದು ಎಲ್ಲರಿಗೂ ಸಂತೋಷವಾಯಿತು. ಆದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಕಾರ, ಆ ಶಿಲೀಂಧ್ರವನ್ನು ತಟ್ಟೆಯಿಂದ ತಟ್ಟೆಗೆ ಬದಲಾಯಿಸುತ್ತ ಹೋದಂತೆ ಅದು ತಯಾರಿಸುವ ವಸ್ತು ಕಡಿಮೆಯಾಗುತ್ತ ಹೋಯಿತು. ಇದು ಕಿಣ್ವದ ಮಾತಲ್ಲ, ಆದರೂ ಪಾಠ ನಮಗೂ ಅನ್ವಯಿಸುತ್ತದೆ. ಪ್ರಯೋಗಾಲಯದಲ್ಲಿ ಶಿಲೀಂಧ್ರವನ್ನು ಕೂಡಿಟ್ಟ ಮೇಲೆ ಗಿಡ ಇದ್ದರೇನು ಹೋದರೇನು ಎನ್ನುವ ಹಾಗಿಲ್ಲ. ಮನೆ ಉಳಿದರೆ ಬಾಡಿಗೆದಾರ ಉಳಿದಾನು.

ಆದುದರಿಂದ "ನಿಮ್ಮ ಹೊಲದ ಅಮೃತಬಳ್ಳಿ ಕೊಡ್ರಿ, ಕೋಟಿ ಬರ್ತಾವ" ಎಂದು ಯಾರಾದರೂ ಬಂದರೆ ನಂಬಬೇಡಿರಿ. "ಇದು ಎಂಜೈಮ್, ಒಂದು ಬಾಟ್ಲಿ ಹೊಡೆದ್ರ ಗೊಬ್ಬರಾನೇ ಬ್ಯಾಡ" ಎಂದು ಬಂದರೂ ನಂಬಬೇಡಿರಿ.

ನಮ್ಮೂರಿಗೆ ಇದರಿಂದ ಏನು?

ಹಾಗಾದರೆ ನಮಗೇನು ಎಂದು ಕೇಳಬಹುದು. ನಮ್ಮ ಉತ್ತರ ಇಷ್ಟು. ಒಂದೇ ಜಾತಿಯ ಗಿಡವಾದರೂ ಮಣ್ಣು, ಮಳೆ, ಬಿಸಿಲು ಬದಲಾದಂತೆ ಅದರೊಳಗಿನ ಶಿಲೀಂಧ್ರಗಳ ಗುಂಪು ಬದಲಾಗುತ್ತದೆ. ಮೈಸೂರಿನ ಬೇವಿನೊಳಗೆ ಇರುವುದೇ ತಂಬ್ರಹಳ್ಳಿಯ ಬೇವಿನೊಳಗೂ ಇರಬೇಕೆಂದಿಲ್ಲ. ತುಂಗಭದ್ರೆಯ ಹಿನ್ನೀರು ಹತ್ತಿರವಿದ್ದರೂ ನಮ್ಮದು ಬಿಸಿಲ ನಾಡು. ಇಲ್ಲಿಯ ಲಕ್ಕಿ, ಎಕ್ಕೆ, ಹೊನ್ನಾವರಿಕೆ, ಉತ್ತರಾಣಿ, ಅಮೃತಬಳ್ಳಿಗಳು ಬೇಸಗೆಯ ಕಾವನ್ನು ತಿಂಗಳುಗಟ್ಟಲೆ ತಾಳಿಕೊಂಡು ನಿಲ್ಲುತ್ತವೆ. ಅವುಗಳೊಳಗಿನ ಜೀವಿಗಳೂ ಅದನ್ನು ತಾಳಲೇಬೇಕು. ಕಾರ್ಖಾನೆಯವರು ಹುಡುಕುವುದೂ ಶಾಖ ತಾಳುವ ಕಿಣ್ವವನ್ನೇ. ಸಂಡೂರಿನ ಕಾಡಿನಲ್ಲಿ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶವೊಂದನ್ನು ಗುರುತಿಸಿದ್ದು ನಮ್ಮ ಸೀಮೆಯ ಗಿಡಗಳಿಗೆ ಬೆಲೆ ಇದೆ ಎಂದೇ. ಆದರೆ ಊರ ಬೇಲಿಗೆ, ಹಳ್ಳದ ದಂಡೆಗೆ, ಗೋಮಾಳದ ಅಂಚಿಗೆ ಕಾವಲು ಯಾರು?

ಈಗ ಆಗುತ್ತಿರುವುದು ಏನು ನೋಡಿರಿ. ಬದುವಿನ ಬೇಲಿ ಕಿತ್ತು ತಂತಿ ಬೇಲಿ ಬರುತ್ತಿದೆ. ಬದು ಸವರಿ ಒಂದು ಸಾಲು ಮೆಕ್ಕೆಜೋಳ ಹೆಚ್ಚು ಹಾಕುತ್ತೇವೆ. ಕಳೆನಾಶಕ ಹೊಡೆದು ದಂಡೆ ಬೋಳು ಮಾಡುತ್ತೇವೆ. ಯಾರದೂ ತಪ್ಪೆಂದು ಹೇಳುತ್ತಿಲ್ಲ, ಹೊಲದ ಖರ್ಚು ಹೆಚ್ಚಾದಾಗ ಒಂದು ಸಾಲಿನ ಆಸೆ ಸಹಜ. ಆದರೆ ಕಿತ್ತ ಗಿಡದ ಜೊತೆ ಅದರೊಳಗಿನದೂ ಹೋಗುತ್ತದೆ. ಅದು ಏನೆಂದು ಗೊತ್ತಾಗುವ ಮೊದಲೇ ಹೋಗುತ್ತದೆ.

ಎರಡನೆಯ ಮಾತು ಹಕ್ಕಿನದು. ಆಫ್ರಿಕದ ಕೀನ್ಯಾ ದೇಶದಲ್ಲಿ ಬೊಗೋರಿಯಾ ಎಂಬ ಸವುಳು ಸರೋವರ ಇದೆ. 1992ರಲ್ಲಿ ಅಲ್ಲಿಂದ ಸೂಕ್ಷ್ಮಜೀವಿಗಳ ಮಾದರಿ ಒಯ್ದರು. ಅವುಗಳಿಂದ ಬಂದ ಕಿಣ್ವವನ್ನು ಒಂದು ದೊಡ್ಡ ಕಂಪನಿ ಜೀನ್ಸ್ ಬಟ್ಟೆ ಒಗೆಯುವ ಉದ್ಯೋಗಕ್ಕೆ ಮಾರಿತು. ಸರೋವರದ ಕಡೆಯವರಿಗೆ ಏನೂ ಬರಲಿಲ್ಲವೆಂದು ಕೀನ್ಯಾದ ವನ್ಯಜೀವಿ ಇಲಾಖೆ 2004ರಲ್ಲಿ ಪಾಲು ಕೇಳಬೇಕಾಯಿತು. ಹನ್ನೆರಡು ವರ್ಷದ ಮೇಲೆ! ಇದಕ್ಕೆ ಎದುರಾಗಿ ನಮ್ಮ ನೆರೆಯ ಕೇರಳದ ಸಂಗತಿ ಕೇಳಿರಿ. ಅಲ್ಲಿಯ ಕಾಣಿ ಬುಡಕಟ್ಟಿನವರು ತೋರಿಸಿದ ಆರೋಗ್ಯಪಚ್ಚೆ ಎಂಬ ಗಿಡದಿಂದ ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆಯವರು 'ಜೀವನಿ' ಎಂಬ ಔಷಧಿ ಮಾಡಿದರು. 1995ರಲ್ಲಿ ಕೊಯಮತ್ತೂರಿನ ಕಂಪನಿಯೊಂದಕ್ಕೆ ತಯಾರಿಕೆಯ ಪರವಾನಗಿ ಕೊಟ್ಟಾಗ ಬಂದ 10 ಲಕ್ಷ ರೂಪಾಯಿಯಲ್ಲಿ, ಮಾರಾಟದ ಮೇಲಿನ ಶೇಕಡಾ 2ರ ಗೌರವಧನದಲ್ಲಿ ಅರ್ಧ ಪಾಲು ಕಾಣಿಗಳಿಗೆ ಎಂದು ನಿಶ್ಚಯವಾಯಿತು. ಅದನ್ನು ನೋಡಿಕೊಳ್ಳಲು 1997ರಲ್ಲಿ ಅವರದೇ ಟ್ರಸ್ಟ್ ನೋಂದಣಿಯಾಯಿತು. ಹಣ ದೊಡ್ಡದಲ್ಲದಿರಬಹುದು. ಪಾಲು ಪಡೆಯಲು ಒಂದು ಕೂಡುಸಂಸ್ಥೆ ಬೇಕಾಯಿತು ಎಂಬುದನ್ನು ಸಹಕಾರಿಗಳಾದ ನಾವು ಗಮನಿಸಬೇಕು.

ನಮ್ಮ ದೇಶದಲ್ಲಿ 2002ರಲ್ಲಿ ಜೀವವೈವಿಧ್ಯ ಕಾಯಿದೆ ಬಂತು. 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ. ಈ ಕಾಯಿದೆಯಲ್ಲಿ ಜೈವಿಕ ಸಂಪತ್ತು ಎಂದರೆ ಗಿಡ, ಪ್ರಾಣಿ ಮಾತ್ರವಲ್ಲ, ಸೂಕ್ಷ್ಮಜೀವಿಗಳೂ ಸೇರುತ್ತವೆ. ಅಂದ್ರೆ ಬೇಲಿಯ ಗಿಡದೊಳಗಿನ ಬೂಷ್ಟೂ ಸೇರಿತು. ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿ, ನಾಟಿ ತಿಳಿವಳಿಕೆ ಎಲ್ಲ ಬರೆದಿಟ್ಟ ಜನತಾ ಜೀವವೈವಿಧ್ಯ ದಾಖಲೆ ಇರಬೇಕು ಎನ್ನುತ್ತದೆ ಕಾಯಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ತಾಕೀತು ಮಾಡಿ, 2020ರ ಜನವರಿಯೊಳಗೆ ಈ ಕೆಲಸ ಮುಗಿಸಲು ಹೇಳಿತು. ಗಡುವು ಬಂದಾಗ ನಮ್ಮ ಕಡೆ ಕಾಗದ ಹೇಗೆ ತುಂಬುತ್ತಾರೆಂಬುದು ತಮಗೆ ಗೊತ್ತೇ ಇದೆ. ದಾಖಲೆ ಕಪಾಟಿನಲ್ಲಿದ್ದರೆ ಸಾಲದು, ಊರಿನವರು ಅದನ್ನು ಓದಿರಬೇಕು.

ಸಂಘ ಮಾಡಬಹುದಾದ ಕೆಲಸ

ಆಡಳಿತ ಮಂಡಳಿಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇವೆ. ಖರ್ಚು ಕಡಿಮೆ, ಮನಸ್ಸು ಬೇಕು.

ಮೊದಲನೆಯದು, ಪಂಚಾಯಿತಿಯಲ್ಲಿರುವ ಜೀವವೈವಿಧ್ಯ ದಾಖಲೆಯನ್ನು ತರಿಸಿ ಸಂಘದ ಮಹಾಸಭೆಯಲ್ಲಿ ಒಮ್ಮೆ ಓದಿಸಬೇಕು. ಬಿಟ್ಟುಹೋದ ಗಿಡವನ್ನು, ಅದಿರುವ ಜಾಗವನ್ನು, ಅದನ್ನು ಯಾವ ಕಾಯಿಲೆಗೆ ಬಳಸುತ್ತಾರೆಂಬುದನ್ನು ಹಿರಿಯರು, ಅದರಲ್ಲೂ ತಾಯಂದಿರು ಹೇಳಬೇಕು, ಮಕ್ಕಳು ಬರೆಯಬೇಕು. ಬಾಣಂತಿಗೆ ಏನು ಕೊಡಬೇಕು, ದನಕ್ಕೆ ಹೊಟ್ಟೆ ಉಬ್ಬಿದರೆ ಏನು ಕುಡಿಸಬೇಕು ಎಂಬ ತಿಳಿವಳಿಕೆ ಅವರೊಂದಿಗೇ ಹೋಗಬಾರದು. ಮನೆತನದ ಗುಟ್ಟಿನ ಔಷಧಿ ಇದ್ದವರು ಸಮಿತಿಯನ್ನು ಕೇಳಿ, ಎಷ್ಟು ಬರೆಸಬೇಕೆಂದು ತಾವೇ ತೀರ್ಮಾನಿಸಲಿ.

ಎರಡನೆಯದು, ಊರಿನ ಸುತ್ತ ಒಂದಿಷ್ಟು ಬೇಲಿ ಸಾಲು, ಹಳ್ಳದ ದಂಡೆ ಇವನ್ನು ಕೀಳದೆ, ಸುಡದೆ, ಕಳೆನಾಶಕ ಹೊಡೆಯದೆ ಬಿಡಬೇಕು. ಎಲ್ಲ ಬದುವನ್ನೂ ಬಿಡಿ ಎನ್ನುವುದಿಲ್ಲ. ಎಲೆ ಕಿತ್ತು ಬಳಸಿರಿ, ಬೇರು ಸಮೇತ ಕೀಳಬೇಡಿರಿ. ಬೇರು ಬೇಕಾದ ಅಶ್ವಗಂಧದಂಥವನ್ನು ಬಿತ್ತಿ ಬೆಳೆಯಿರಿ, ಕಾಡಿನಿಂದ ಕಿತ್ತದ್ದನ್ನು ಸಂಘ ಕೊಳ್ಳದಿರಲಿ.

ಮೂರನೆಯದು, ಗಿಡ, ಎಲೆ, ತೊಗಟೆ, ಮಣ್ಣು ಕೇಳಿಕೊಂಡು ಹೊರಗಿನವರು ಬಂದರೆ ಯಾರು, ಎಲ್ಲಿಂದ, ಯಾತಕ್ಕೆ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದರೆ ಪ್ರೀತಿಯಿಂದ ಊಟ ಹಾಕಿ ಸಹಾಯ ಮಾಡಿರಿ, ಫಲಿತಾಂಶದ ಒಂದು ಪ್ರತಿ ಊರಿಗೆ ಕಳಿಸಲು ಹೇಳಿರಿ. ವ್ಯಾಪಾರಕ್ಕೆ ಬಂದವರಾದರೆ ಜೀವವೈವಿಧ್ಯ ಮಂಡಳಿಯ ಕಾಗದ ತೋರಿಸಲು ಹೇಳಿರಿ. ಇದು ಜಗಳವಲ್ಲ, ಲೆಕ್ಕ. ಲೆಕ್ಕ ಇಡುವುದು ಸಂಘಕ್ಕೆ ಹೊಸದೇನಲ್ಲ.

ನಾಲ್ಕನೆಯದು ನಾಳೆಯೇ ಶುರು ಮಾಡಬಹುದಾದ್ದು. ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಟ್ರೈಕೋಡರ್ಮಾ ಪುಡಿ ತಮಗೆ ಗೊತ್ತು. ಡೇರೆ ತಿಂದ ಶಿಲೀಂಧ್ರದ ಬಳಗವೇ ಅದು. ಈ ಕುಲದ ಕೆಲವು ಗಿಡದೊಳಗೂ ವಾಸ ಮಾಡುತ್ತವೆ. ರೋಗದ ಶಿಲೀಂಧ್ರದ ಗೋಡೆಯನ್ನು ತನ್ನ ಕಿಣ್ವದಿಂದ ಕರಗಿಸಿ ತಿನ್ನುವುದು ಅದರ ರೀತಿ. ಒಂದು ಕಿಲೋ ಪುಡಿಯನ್ನು ನೂರು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವವಾಗಿ ಹತ್ತು ಹದಿನೈದು ದಿನ ಮುಚ್ಚಿಟ್ಟು ಆಮೇಲೆ ಭೂಮಿಗೆ ಹಾಕಬೇಕು. ಜೀವ ಇರುವ ಸರಕು ಇದು. ಬಿಸಿಲಲ್ಲಿಟ್ಟರೆ, ಅವಧಿ ಮುಗಿದರೆ, ಶಿಲೀಂಧ್ರನಾಶಕದ ಜೊತೆ ಕಲಸಿದರೆ ಸತ್ತುಹೋಗುತ್ತದೆ. ಆಮೇಲೆ ಅದು ಬರೀ ಪುಡಿ. ಸಂಘವೇ ಒಟ್ಟಾಗಿ ನಂಬಿಕೆಯ ಕಡೆಯಿಂದ ತರಿಸಿ, ತಂಪಿನಲ್ಲಿಟ್ಟು, ನೋಂದಣಿ ಸಂಖ್ಯೆ ಮತ್ತು ತಯಾರಿಸಿದ ತಾರೀಖು ನೋಡಿ ಕೊಟ್ಟರೆ ಸದಸ್ಯರಿಗೆ ಉಪಕಾರವಾಗುತ್ತದೆ. ದ್ರವದ ಬಾಟ್ಲಿಗಳ ಬಗ್ಗೆಯೂ ಅಷ್ಟೆ. ಬೆಳೆಗೆ ಹೊಡೆಯುವ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಿದ್ದಾರೆ. ಚೀಟಿಯಲ್ಲಿ ಏನಿದೆ ಎಂದು ಓದದೆ ಸಂಘ ಯಾವುದನ್ನೂ ಮಾರಬಾರದು.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಬಳ್ಳಾರಿಯಲ್ಲೇ 2010ರಿಂದ ವಿಶ್ವವಿದ್ಯಾಲಯ ಇದೆ. ವಿಜ್ಞಾನ ಓದಲು ಹೋದವರು ಸಂಶೋಧನೆಗೆ ವಿಷಯ ಹುಡುಕುವಾಗ ದೂರದ ಕಾಡನ್ನೇ ನೆನೆಯಬೇಕೆಂದಿಲ್ಲ. ನಿಮ್ಮ ಅಜ್ಜಿ ಕಷಾಯಕ್ಕೆ ಕಿತ್ತು ತರುತ್ತಿದ್ದ ಎಲೆಯಿಂದಲೇ ಆರಂಭಿಸಬಹುದು. ಊರಿನವರೇ ಹುಡುಕಿದರೆ ಊರಿನ ಹೆಸರು ಅದರ ಜೊತೆ ಉಳಿಯುತ್ತದೆ.

ಬಂಧುಗಳೆ, ಗಿಡ ಮತ್ತು ಒಳವಾಸಿ ಕೂಡಿ ಬಾಳುವುದನ್ನು ಕಂಡು ಯಾರೂ ಅದಕ್ಕೆ ಬೈಲಾ ಬರೆದುಕೊಟ್ಟಿಲ್ಲ. ನಮಗೆ ಬೈಲಾ ಇದೆ, ಮಹಾಸಭೆ ಇದೆ, ಇಪ್ಪತ್ತೈದು ವರ್ಷದ ಅನುಭವ ಇದೆ. ಸಂಘದ ಲೆಕ್ಕಪುಸ್ತಕದಲ್ಲಿ ಷೇರು, ಠೇವಣಿ, ಸಾಲ ಎಂಬ ಕಾಲಂಗಳಿವೆ. ಊರಿನ ಬೇಲಿ, ಹಳ್ಳ, ಗೋಮಾಳಗಳಲ್ಲಿ ನಮ್ಮ ಹಿರಿಯರು ಬಿಟ್ಟುಹೋದ ಠೇವಣಿಯೂ ಒಂದು ಇದೆ. ಅದರ ಬಡ್ಡಿ ನಮ್ಮ ಕಾಲಕ್ಕೆ ಬಾರದಿರಬಹುದು. ಅಸಲು ಮುರಿಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಸಂಘ ಇನ್ನೂ ಬೆಳೆಯಲಿ, ಸುವರ್ಣ ಮಹೋತ್ಸವವನ್ನೂ ಕಾಣಲಿ.